ವಿಳಂಬಕ್ಕೆ ಕಾರಣ

ನಾನು ಒಂದು ರಿಜಿಸ್ಟರ್. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಓಣಿಯ ಬೈಂಡಿಂಗ್ ಅಂಗಡಿಯಲ್ಲಿ, ಮೈದಾ ಅಂಟಿನ ವಾಸನೆಯ ನಡುವೆ. ಕಪ್ಪು ರಟ್ಟು, ಕೆಂಪು ಬಟ್ಟೆಯ ಬೆನ್ನು, ಇನ್ನೂರು ಹಾಳೆ. ಯಾವುದಾದರೂ ಸ್ಟೇಷನ್ನಿನ ಮೇಜಿನ ಮೇಲೆ ಕುಳಿತು, ಯಾವ ಗಾಡಿ ಎಷ್ಟು ತಡವಾಗಿ ಬಂತು ಎಂದು ಬರೆಸಿಕೊಳ್ಳುವುದಕ್ಕಾಗಿ ನನ್ನನ್ನು ಮಾಡಿದ್ದರು. ಪುಟದ ತಲೆಯಲ್ಲಿ ಐದು ಕಾಲಮ್ಮುಗಳ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅಚ್ಚಾಗಿತ್ತು: ಗಾಡಿಯ ಸಂಖ್ಯೆ, ಬರಬೇಕಾದ ಸಮಯ, ಬಂದ ಸಮಯ, ಆದ ತಡ, ವಿಳಂಬಕ್ಕೆ ಕಾರಣ. ಹೀಗೆ ಹುಟ್ಟುವಾಗಲೇ ನಾನು ಮೂರು ಭಾಷೆ ಬಲ್ಲವನು. ಆದರೆ ಮೂರರಲ್ಲೂ ಒಂದೇ ದೂರು.

ಗೆರೆ ಎಳೆಯುವವನ ಮನಸ್ಸು ಆವತ್ತು ಎಲ್ಲಿತ್ತೋ. ಎರಡು ಬೆರಳಗಲ ಇರಬೇಕಾದ ಕೊನೆಯ ಕಾಲಮ್ಮು ನನ್ನ ಪಾಲಿಗೆ ಇಡೀ ಬಲಪುಟವನ್ನೇ ಆಕ್ರಮಿಸಿತು. ಉಳಿದ ನಾಲ್ಕೂ ಎಡಪುಟದಲ್ಲಿ ಹೊಂದಿಕೊಂಡವು. ನನ್ನನ್ನು ಒಂದು ಸಣ್ಣ ಜಂಕ್ಷನ್ನಿಗೆ ಕಳಿಸಿದಾಗ ಅಲ್ಲಿನ ಸ್ಟೇಷನ್ ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ಕಾರಣ ಬರಿಯಾಕ ಇಷ್ಟ ಜಾಗಾ ಕೊಟ್ರ ನಮ್ಮ ಮಂದಿ ಕಾದಂಬರಿ ಬರೀತಾರ್ರಿ," ಎಂದರು. "ಲೈನ್ ಕ್ಲಿಯರ್ ಸಿಗಲಿಲ್ಲ, ಅಷ್ಟ ಬರಿಯೋದು. ಅದಕ್ಕ ಇಷ್ಟ ದೊಡ್ಡ ಮೈದಾನ ಯಾತಕ?"

ಲೈನ್ ಕ್ಲಿಯರ್ ಎಂದರೆ ಮುಂದಿನ ಸ್ಟೇಷನ್ನು ಕೊಡುವ ಅಪ್ಪಣೆ. ಅದು ಬರುವ ತನಕ ಗಾಡಿ ನಿಂತಲ್ಲೇ ನಿಂತಿರಬೇಕು. ರೈಲ್ವೆಯಲ್ಲಿ ಮುಕ್ಕಾಲು ಪಾಲು ತಡಕ್ಕೆ ಅದೇ ಕಾರಣ. ಉಳಿದ ಕಾಲು ಪಾಲಿಗೂ ಅದನ್ನೇ ಬರೆಯುತ್ತಾರೆ.

ಮೂಲೆಗೆ ಬಿದ್ದಿದ್ದ ನನ್ನನ್ನು ಗಾರ್ಡ್ ಶಿವಬಸಪ್ಪ ಹಂಪಿಹೊಳಿ ಮಾಸ್ತರರನ್ನು ಕೇಳಿಯೇ ಮನೆಗೆ ಒಯ್ದ. ಮನೆಯೆಂದರೆ ಹಳಿಯ ಪಕ್ಕದ ರೈಲ್ವೆ ಕಾಲೊನಿ: ಒಂದು ಸಾಲಿನಲ್ಲಿ ಆರು ಕ್ವಾರ್ಟರ್ಸು, ಎದುರಿಗೆ ಒಂದೇ ನಲ್ಲಿ, ನಲ್ಲಿಗೆ ಒಂದು ಕಟ್ಟೆ. ಅವನ ಹೆಂಡತಿ ನೀಲಾಂಬಿಕಾ ನನ್ನನ್ನು ತಿರುವಿ ನೋಡಿದಳು. ಕಾಲೊನಿಯಲ್ಲಿ ಎಲ್ಲರಿಗೂ ಅವಳು ನೀಲಕ್ಕ.

"ಇದರಾಗ ಏನ್ ಬರಿಲಿ?"

"ನಿನ್ನ ಅಡಿಗಿ ಎಷ್ಟ ತಡಾ ಆಗತೈತಿ ಅಂತ ಬರಿ," ಎಂದ ಶಿವಬಸಪ್ಪ.

ಗಂಡಸರು ಚೇಷ್ಟೆಗೆ ಆಡಿದ ಮಾತನ್ನು ಹೆಂಗಸರು ಮನಸ್ಸಿಟ್ಟು ಪಾಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ.

ನೀಲಕ್ಕ ಮೊದಲ ಎಡಪುಟದಲ್ಲಿ, ನಾಲ್ಕು ಕಾಲಮ್ಮುಗಳ ಗೆರೆಗಳನ್ನು ಲೆಕ್ಕಿಸದೆ, ಹೋಳಿಗೆ ಮಾಡುವ ಕ್ರಮ ಬರೆದಳು. ಬಲಪುಟದಲ್ಲಿ, ತಲೆಬರಹಕ್ಕೆ ಮರ್ಯಾದೆ ಕೊಟ್ಟು, ತಡವಾದ ಕಾರಣ ಬರೆದಳು: "ಕಣಕ ಕಲಸಿದ ಮೇಲೆ ಎರಡರ ಗೂಡ್ಸ್ ಹೋಗುವ ತನಕ ನೆನೆಯಬೇಕು. ಇವತ್ತು ಗೂಡ್ಸ್ ಬರಲೇ ಇಲ್ಲ. ಮೂರೂವರೆಗೆ ಲಟ್ಟಿಸಿದೆ. ರೇಷ್ಮೆ ಆಗಿತ್ತು." ಆ ಕಾಲೊನಿಯಲ್ಲಿ ಗಡಿಯಾರ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ. ಸಮಯವೆಲ್ಲ ಗಾಡಿಗಳದ್ದೇ, ಗಾಡಿಗಳೆಲ್ಲ ತಡವಾಗಿಯೇ ಬರುವಂಥವು. ಆದ್ದರಿಂದ ಆ ಸಾಲಿನ ಅಡಿಗೆಗೆ ಒಂದು ರುಚಿ ಇತ್ತು.

ಎರಡನೇ ಮನೆಯ ಚಿಟ್ಟೆಮ್ಮ ಇಂಜಿನ್ ಡ್ರೈವರನ ಹೆಂಡತಿ. ಪುಂಡಿಪಲ್ಲೆಯ ಪಚ್ಚಡಿಯನ್ನು ತೆಲುಗಿನಲ್ಲಿ ಬರೆದಳು. ನಾಲ್ಕನೇ ಮನೆಯ ಆರೋಗ್ಯಮೇರಿ ಸಿಗ್ನಲ್ ಮೇಸ್ತ್ರಿಯ ಮನೆಯಾಕೆ. ಪಡ್ಡಿನಂಥ ಪಣಿಯಾರವನ್ನು ತಮಿಳಿನಲ್ಲಿ ಬರೆದಳು. ವರ್ಗವಾಗಿ ಬಂದು ವರ್ಗವಾಗಿ ಹೋದವರು ಮರಾಠಿಯಲ್ಲೊಂದು, ಒಡಿಯಾದಲ್ಲೊಂದು ಪುಟ ಬಿಟ್ಟುಹೋದರು. ತಮಗೆ ಬರುವುದರಲ್ಲಿ ಬರೆಯಿರಿ ಎಂದಳು ನೀಲಕ್ಕ, ಎಲ್ಲರೂ ಬರೆದರು. ಒಬ್ಬರದನ್ನು ಇನ್ನೊಬ್ಬರು ಓದಲಾರರು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆದಾಗ ತಡವಾಗಿತ್ತು, ಆಗಲೇ ಅದು ಪದ್ಧತಿಯಾಗಿತ್ತು. ಪದ್ಧತಿ ಏನೆಂದರೆ, ನಿನಗೆ ಬೇಕಾದ ಅಡಿಗೆ ಬೇರೆಯವರ ಲಿಪಿಯಲ್ಲಿದ್ದರೆ ನನ್ನನ್ನು ಎತ್ತಿಕೊಂಡು ಅವರ ಹೊಸ್ತಿಲಿಗೆ ಹೋಗಬೇಕು. ಬರೆದವಳು ಓದಿ ಹೇಳಬೇಕು, ಬಂದವಳು ಅಲ್ಲೇ ಕೂತು ಮಾಡಬೇಕು.

ಕೊನೆಯ ಮನೆ ಹಳಿಯ ಕವಲು ಬದಲಿಸುವ ಪಾಯಿಂಟ್ಸ್‌ಮನ್ ಖಾದರ್‌ಸಾಬನದು. ಅವನ ಹೆಂಡತಿ ಜೈತೂನ್ ಬಿ. ಆಕೆ ಯಾರ ಮನೆಗೂ ಹೋಗುವವಳಲ್ಲ. ನೀರು ಹಿಡಿಯಲು ಬಂದರೂ ಎಲ್ಲರ ಕೊಡ ತುಂಬಿದ ಮೇಲೆ ಬರುವಳು. ನೀಲಕ್ಕ ನನ್ನನ್ನು ಅವಳ ಕೈಗಿತ್ತಾಗ ಅವಳು ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು.

"ನನಗ ಉರ್ದೂ ಅಷ್ಟ ಬರತೈತ್ರಿ."

"ಉರ್ದೂದಾಗ ಬರಿ. ನನಗೇನ್ ತೆಲುಗು ಬರತೈತೇನು?"

"ಏಳನೇ ಇಯತ್ತೆ ತನಾ ಓದೀನ್ರಿ ನಾ," ಎಂದಳು ಜೈತೂನ್ ಬಿ, ಯಾರೋ ಸುಳ್ಳು ಎಂದಂತೆ. "ಆಮ್ಯಾಲ ಯಾರೂ ಓದು ಅನ್ಲಿಲ್ಲ."

ಅವಳು ನನ್ನನ್ನು ಬೋರಲು ಹಾಕಿ, ಹಿಂದಿನ ರಟ್ಟು ತೆರೆದು, ಕೊನೆಯ ಹಾಳೆಯಿಂದ ಶುರು ಮಾಡಿದಳು. ಉರ್ದುವಿನವರಿಗೆ ಅದೇ ಮೊದಲು. ಬಲಗಡೆಯಿಂದ ಬರೆಯುವವಳಿಗೆ ಮೊದಲು ಸಿಗುವುದು ಬಲಪುಟ. ತಲೆಬರಹ ಏನೆಂದು ಗಂಡನನ್ನು ಕೇಳಿ ತಿಳಿದಳು. ಹಾಗಾಗಿ ಜೈತೂನ್ ಬಿಯ ಪ್ರತಿ ಅಡಿಗೆಯೂ ತಡವಾದ ಕಾರಣದಿಂದಲೇ ಆರಂಭವಾಗುತ್ತಿತ್ತು. ಬೇಳೆ, ಬದನೆಕಾಯಿ ಎಲ್ಲ ಆಮೇಲೆ. ನನಗೋ, ಆವತ್ತಿನಿಂದ ಎರಡು ಆರಂಭಗಳಾದವು, ಅಂತ್ಯವೇ ಇಲ್ಲ. ಮುಂದಿನ ರಟ್ಟಿನಿಂದ ಎಡದಿಂದ ಬಲಕ್ಕೆ ಓದುವವರು, ಹಿಂದಿನ ರಟ್ಟಿನಿಂದ ಬಲದಿಂದ ಎಡಕ್ಕೆ ಓದುವವಳು. ಇಬ್ಬರೂ ನನ್ನ ನಡುವಿನ ಕಡೆಗೆ ನಿಧಾನವಾಗಿ ಬರತೊಡಗಿದರು.

ನೀಲಕ್ಕ ಜೈತೂನ್ ಬಿಯ ಹೊಸ್ತಿಲಿಗೆ ಹೋಗುವ ವೈಭವವನ್ನು ಹೇಳಲೇಬೇಕು. ಕಂಕುಳಲ್ಲಿ ನಾನು, ಒಂದು ಕೈಯಲ್ಲಿ ಪಂಪಿನ ಸ್ಟೌ, ಇನ್ನೊಂದರಲ್ಲಿ ತನ್ನದೇ ಪಾತ್ರೆ, ಪಾತ್ರೆಯೊಳಗೆ ತನ್ನದೇ ಸೌಟು. ಬೇರೆಯವರ ಪಾತ್ರೆಯಲ್ಲಿ ಬೇಯಿಸಿದ್ದು ಉಣ್ಣುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದಳು. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು, ಮಾತು ಮಾತ್ರ ಗಟ್ಟಿಮುಟ್ಟಾಗಿತ್ತು.

"ಒಲಿ ನಂದು, ಭಾಂಡೆ ನಂದು, ಮಾತು ನಿಂದು," ಎನ್ನುತ್ತ ಹೊಸ್ತಿಲ ಹೊರಗೆ ಕೂರುವಳು. ಹೊಸ್ತಿಲ ಒಳಗೆ ಜೈತೂನ್ ಬಿ, ನನ್ನನ್ನು ಮಡಿಲಲ್ಲಿ ತೆರೆದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಎದ್ದು ನಿಂತವಳ ದನಿಯಲ್ಲಿ ಒಂದು ವಾಕ್ಯ ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಹೇಳುವಳು. ನೀಲಕ್ಕನಿಗೆ ಅವಸರ ಜಾಸ್ತಿ. ಜೈತೂನ್ ಬಿ ಬಲಪುಟದ ಮೇಲೆ ಕಣ್ಣಾಡಿಸಿ, "ತಡಿ ನೀಲಕ್ಕ, ಇನ್ನ ತಡಿ" ಎನ್ನುವಳು. ಎಷ್ಟು ಹೊತ್ತು, ಯಾಕೆ ಎಂದು ನೀಲಕ್ಕ ಕೇಳುತ್ತಿರಲಿಲ್ಲ. ಹೇಳುವವಳು ಎದುರಿಗೆ ಕೂತಿರುವಾಗ ಕೇಳುವ ಅಗತ್ಯವೇನು?

ಮಾಡಿದ್ದರಲ್ಲಿ ಒಂದು ಪಾಲನ್ನು ನೀಲಕ್ಕ ಜೈತೂನ್ ಬಿಗೆ ಕೊಡುವಳು. ಜೈತೂನ್ ಬಿ ತನ್ನ ಒಲೆಯ ಮೇಲಿನದನ್ನು ಕೊಡಲು ಒಮ್ಮೆ ಕೈ ಎತ್ತಿದ್ದಳು. ನೀಲಕ್ಕ ಸ್ಟೌವಿನ ಪಿನ್ನು ಹುಡುಕುವುದರಲ್ಲಿ ಬಹಳ ಮಗ್ನಳಾದಳು. ಜೈತೂನ್ ಬಿಯ ಕೈ ಮತ್ತೆ ಏಳಲಿಲ್ಲ. ಇದನ್ನು ಯಾರೂ ನನ್ನ ಬಲಪುಟದಲ್ಲಿ ಬರೆಯಲಿಲ್ಲ. ಜಾಗವಂತೂ ಇತ್ತು.

ಹೀಗೆ ಹದಿನೆಂಟು ವರ್ಷ ಹೋಯಿತು. ಎಣ್ಣೆಯ ಕಲೆ, ಅರಿಷಿಣದ ಬೆರಳು, ಅಲ್ಲಲ್ಲಿ ಅಂಟಿಕೊಂಡ ಸಾಸಿವೆ ಸೇರಿ ನಾನು ಮೊದಲಿಗಿಂತ ಒಂದೂವರೆ ಪಟ್ಟು ದಪ್ಪಗಾದೆ.

ಆಗ ಬಂದವಳು ಮಂದಾಕಿನಿ. ಹೊಸ ಸ್ಟೇಷನ್ ಮಾಸ್ತರರ ಹೆಂಡತಿ, ಮೈಸೂರಿನವಳು, ಎಂ.ಎ. ಓದಿದವಳು, ಒಳ್ಳೆಯವಳು. ಒಳ್ಳೆಯವರು ಒಂದು ವಸ್ತುವನ್ನು ಕೈಗೆತ್ತಿಕೊಂಡರೆ ವಸ್ತುವಿಗೆ ಸ್ವಲ್ಪ ಹೆದರಿಕೆಯಾಗುತ್ತದೆ.

"ಅಯ್ಯೋ, ಎಂಥ ನಿಧಿ ಇಟ್ಕೊಂಡಿದ್ದೀರಾ!" ಎಂದಳು ನನ್ನನ್ನು ತಿರುವುತ್ತ. "ಆದ್ರೆ ಏನುಪಯೋಗ ಹೇಳಿ, ಒಬ್ಬರಿಗೆ ಓದಕ್ಕಾದ್ರೆ ಇನ್ನೊಬ್ಬರಿಗೆ ಆಗಲ್ಲ. ಎಲ್ಲಾ ಕನ್ನಡಕ್ಕೆ ಮಾಡಿ ಅಚ್ಚು ಹಾಕಿಸೋಣ. ಯಾರೂ ಯಾರನ್ನೂ ಕೇಳೋ ಹಾಗೇ ಇರಬಾರದು."

ಯಾರೂ ಯಾರನ್ನೂ ಕೇಳಬೇಕಾಗಿರದ ಪುಸ್ತಕ! ನೀಲಕ್ಕನಿಗೂ ಅದು ಬಹಳ ದೊಡ್ಡ ಸಂಗತಿಯಾಗಿ ಕಂಡಿತು.

ಮಂದಾಕಿನಿ ಮನೆಮನೆಗೆ ಹೋಗಿ ಕೂತು ಬರೆದುಕೊಂಡಳು. ಜೈತೂನ್ ಬಿ ಎಂದಿನಂತೆ ಬಲಪುಟದಿಂದ ಓದತೊಡಗಿದಾಗ, "ಅದು ಬೇಡ ಬಿಡಿ ಆಪಾ, ಅದು ಬರೀ ಹರಟೆ. ಅಡುಗೆ ಎಲ್ಲಿಂದ ಶುರುವಾಗುತ್ತೆ ಅದನ್ನ ಹೇಳಿ," ಎಂದಳು ಮೃದುವಾಗಿ.

"ಅದೂ ಅಡಿಗಿನ ಅಲ್ಲೇನ್ರಿ ಬಾಯಾರ?" ಎಂದಳು ಜೈತೂನ್ ಬಿ. ಆದರೆ ಎಂ.ಎ. ಎದುರು ಏಳನೇ ಇಯತ್ತೆ ಎಷ್ಟೆಂದು ವಾದಿಸೀತು? ಎಲ್ಲರ ಬಲಪುಟಗಳೂ ಹಾಗೆಯೇ ಕೈಬಿಟ್ಟುಹೋದವು.

ಪುಸ್ತಕ ಬಂತು. ಹೆಸರು 'ನಲ್ಲಿಕಟ್ಟೆಯ ಅಡುಗೆ'. ಹೊಳೆಯುವ ಹೊದಿಕೆ, ಮೇಲೊಂದು ನಲ್ಲಿಯ ಚಿತ್ರ. ಮನೆಗೆರಡು ಪ್ರತಿ. ಜೈತೂನ್ ಬಿಗೂ ಎರಡು ಸಿಕ್ಕವು. ಅದರಲ್ಲಿ ಅವಳ ಹನ್ನೊಂದು ಅಡಿಗೆಗಳಿದ್ದವು. ಅವಳಿಗೆ ಓದಲು ಬರುತ್ತಿದ್ದುದು ನಲ್ಲಿಯ ಚಿತ್ರ ಮಾತ್ರ.

ನಾನು ನೀಲಕ್ಕನ ಟ್ರಂಕಿನ ಮೇಲೆ, ಜರಡಿಯ ಕೆಳಗೆ ಸೇರಿದೆ. ಸ್ಟೌವಿಗೂ ನಡಿಗೆ ತಪ್ಪಿತು. ಯಾರೂ ಯಾರ ಹೊಸ್ತಿಲಿಗೂ ಹೋಗಲಿಲ್ಲ, ಏಕೆಂದರೆ ಹೋಗಲು ಕಾರಣವಿರಲಿಲ್ಲ. ಚಿಟ್ಟೆಮ್ಮ, ಮೇರಿ, ನೀಲಕ್ಕ ಹೇಗೂ ನಲ್ಲಿಯ ಬಳಿ ಸೇರುತ್ತಿದ್ದರು. ಎಲ್ಲರ ಕೊಡ ತುಂಬಿದ ಮೇಲೆ ಬರುವವಳಿಗೆ ನಲ್ಲಿಯ ಬಳಿ ಸಿಗುತ್ತಿದ್ದುದು ನೀರಷ್ಟೇ. ಒಂದು ಮಧ್ಯಾಹ್ನ ಅವಳು ನೀಲಕ್ಕನ ಬಾಗಿಲ ತನಕ ಬಂದು ಕೇಳಿದ್ದು ನನಗೆ ಟ್ರಂಕಿನ ಮೇಲಿನಿಂದ ಕೇಳಿಸಿತು.

"ನೀಲಕ್ಕ, ಆ ರಿಜಿಸ್ಟರ್ ಐತೇನ್ರಿ?"

"ಐತಲ್ಲ. ಯಾಕ?"

"ಸುಮ್ಮನ. ಇಲಿ ಗಿಲಿ ಕಡದೀತು, ನೋಡ್ಕೋರಿ."

ಇಷ್ಟೇ. ಆದರೆ ತನ್ನ ಹೊಸ್ತಿಲು ದಾಟಿ ಆ ಮನೆಯ ತನಕ ಅವಳು ಬಂದದ್ದು ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಇಲಿಗಾಗಿ ಯಾರೂ ಅಷ್ಟು ದೂರ ಬರುವುದಿಲ್ಲ.

ಶಿವಬಸಪ್ಪನ ನಿವೃತ್ತಿ ಬಂತು. ರೈಲ್ವೆ ಇನ್‌ಸ್ಟಿಟ್ಯೂಟಿನ ಹಾಲಿನಲ್ಲಿ ಊಟ. ಅಲ್ಲಿ ಒಲೆಯೂ ಬಾಡಿಗೆಯದು, ಪಾತ್ರೆಯೂ ಬಾಡಿಗೆಯದು. ಬಾಡಿಗೆ ಪಾತ್ರೆಗೆ ಮಡಿ-ಮೈಲಿಗೆ ಇರುವುದಿಲ್ಲವಾದ್ದರಿಂದ ನೀಲಕ್ಕ ನಿಶ್ಚಿಂತಳಾಗಿದ್ದಳು. ಮಂದಾಕಿನಿ ಒಂದು ಉಪಾಯ ಹೇಳಿದಳು: ಪ್ರತಿಯೊಬ್ಬರೂ ಇನ್ನೊಬ್ಬರ ಅಡಿಗೆಯನ್ನು ಪುಸ್ತಕ ನೋಡಿ ಮಾಡುವುದು. ಮೇರಿ ಹೋಳಿಗೆ, ಚಿಟ್ಟೆಮ್ಮ ಪಣಿಯಾರ, ನೀಲಕ್ಕ ಜೈತೂನ್ ಬಿಯ ಡಬಲ್ ಕಾ ಮೀಠಾ, ಅಂದರೆ ಹುರಿದ ಬ್ರೆಡ್ಡನ್ನು ಹಾಲು-ಸಕ್ಕರೆಯಲ್ಲಿ ಅದ್ದುವ ಸಿಹಿ. ಕನ್ನಡ ಓದಲಾರದ ಜೈತೂನ್ ಬಿಗೆ ಏನೂ ಹಂಚಿಕೆಯಾಗಲಿಲ್ಲ.

"ನೀ ಆರಾಮ ಬಂದು ಉಂಡು ಹೋಗ ನಮ್ಮವ್ವ," ಎಂದಳು ನೀಲಕ್ಕ. ಪ್ರೀತಿಯಿಂದಲೇ ಎಂದಳು.

ಊಟದ ದಿನ ಹೋಳಿಗೆ ಎಲೆಗೆ ಬೀಳುವ ಮೊದಲೇ ಚೂರುಚೂರಾಯಿತು. ಪಣಿಯಾರವನ್ನು ತಾಟಿಗೆ ಹಾಕಿದಾಗ ಠಣ್ ಎಂದಿತು. ನೀಲಕ್ಕನ ಡಬಲ್ ಕಾ ಮೀಠಾ, ನಾನು ಹುಟ್ಟಿದ ಅಂಗಡಿಯಲ್ಲಿ ರಟ್ಟಿಗೆ ಹಚ್ಚುತ್ತಿದ್ದ ಅಂಟನ್ನು ಹೋಲುತ್ತಿತ್ತು.

"ನಾನೇನು ಮಾಡಲಮ್ಮಾ," ಎಂದಳು ಚಿಟ್ಟೆಮ್ಮ. "ಹಿಟ್ಟು ಕಲಿಪಿ ಸುಡಿ ಅಂತ ಬರೆದದೆ, ಸುಟ್ಟೆ. ಹುಳಿ ಬರಬೇಕು ಅಂತ ನಂಗೆ ಗೊತ್ತಿಲ್ವಾ? ಬುಕ್ಕಲ್ಲಿ ಇಲ್ಲ, ಇದೇನೋ ಬೇರೆ ಥರ ಅನ್ಕೊಂಡೆ!"

"ಅದೇ ಮಾ, ನಾನೂ ಅದೇ," ಎಂದಳು ಮೇರಿ. "ಅಚ್ಚಾಗಿದೆ ಅಲ್ಲಾ, ತಪ್ಪಿರಲ್ಲ ಅಂತ."

ಹದಿನೆಂಟು ವರ್ಷ ಪರಸ್ಪರರ ಕೈಬರಹವನ್ನು ದಿನಕ್ಕೊಂದು ಸಲ ಪ್ರಶ್ನಿಸಿದ ಹೆಂಗಸರು ಅಚ್ಚಿಗೆ ಮಾತ್ರ ಕೈಮುಗಿದಿದ್ದರು.

ನೀಲಕ್ಕ ಸೌಟು ಇಟ್ಟು ನೆಟ್ಟಗೆ ಮನೆಗೆ ಬಂದಳು. ಜರಡಿ ಕೆಳಗುರುಳಿತು. ಬಂದವಳೇ ನನ್ನನ್ನು ಎತ್ತಿ, ಹಾಲಿಗೆ ಒಯ್ದು, ಗೋಡೆಯ ಪಕ್ಕ ಕೊನೆಯಲ್ಲಿ ಕೂತಿದ್ದ ಜೈತೂನ್ ಬಿಯ ಮಡಿಲಿಗೆ ಹಾಕಿದಳು.

"ಓದು. ಇದರಾಗ ನಾ ಎಲ್ಲಿ ತಪ್ಪೀನಿ ಓದು."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಜೈತೂನ್ ಬಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಹಿಂದಿನ ರಟ್ಟು ತೆರೆದು, ಮೂರನೇ ಹಾಳೆಯ ಬಲಪುಟ ಹಿಡಿದು, ಮೊದಲು ಉರ್ದುವಿನಲ್ಲಿ ಓದಿದಳು. ಮತ್ತೆ ಕನ್ನಡದಲ್ಲಿ ಹೇಳಿದಳು:

"ತಡಾ ಆಗಿದ್ದಕ್ಕ ಕಾರಣ. ಬ್ರೆಡ್ ಕೊಯ್ದು ಮೊರದಾಗ ಬಿಸಿಲಿಗೆ ಇಟ್ವಿ. ನೀಲಕ್ಕ ಆಕಿ ನಾದಿನಿ ಮಾಡಿದ್ದೆಲ್ಲಾ ಹೇಳ್ಕೋತ ಅತ್ಲು. ಅಳೂದು ಮುಗಿಯೂ ತನಾ ಬ್ರೆಡ್ ಬಿಸಿಲಾಗ ಇತ್ತು. ಕಟಕ್ ಅಂತ ಮುರಿಯೂ ಹಂಗ ಆಗಿತ್ತು. ಅವತ್ತು ಆದಷ್ಟ ಚೆಂದ ಎಂದೂ ಆಗಿಲ್ಲ. ಇನ್ ಮ್ಯಾಲ ನೀಲಕ್ಕ ಅಳ್ಲಿ, ಬಿಡ್ಲಿ, ಅಷ್ಟ ಹೊತ್ತು ಇಡಬೇಕು."

ಪಾಪ, ಜೈತೂನ್ ಬಿಗೆ ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ನವಲಗುಂದದಿಂದ ಬಂದು ಕೂತು ಅಂಟು ತಿನ್ನುತ್ತಿದ್ದ ಹಿರಿಯ ಹೆಂಗಸೇ ಆ ನಾದಿನಿ, ಪಾರವ್ವ.

ನೀಲಕ್ಕನ ಮುಖ ಬಾಡಿಗೆ ಪಾತ್ರೆಯ ತಳದಂತಾಯಿತು. ಶಿವಬಸಪ್ಪ ಸೀಲಿಂಗ್ ಫ್ಯಾನಿನಲ್ಲಿ ಏನನ್ನೋ ಪರೀಕ್ಷಿಸತೊಡಗಿದ. ಪಾರವ್ವ ಚಮಚ ಕೆಳಗಿಟ್ಟಳು.

"ಎಷ್ಟ ಹೊತ್ತು ಅತ್ಲಂತವಾ?"

ಜೈತೂನ್ ಬಿ ಕಣ್ಣು ನನ್ನ ಮೇಲಿಟ್ಟು, ಬರೆದದ್ದನ್ನು ಬರೆದಂತೆ ಹೇಳಿದಳು. "ಸಂಜಿ ಪ್ಯಾಸೆಂಜರ್ ಬರೂ ತನಾ ರೀ. ಅವತ್ತು ಅದು ಒಂದೂಕಾಲು ತಾಸು ಲೇಟ್ ಇತ್ತು."

ಪಾರವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. "ಹಂಗಾದ್ರ ಈ ಅಡಿಗಿ ನಂದ ಆತು. ನಾ ಅಷ್ಟ ಕಾಡಿಸದಿದ್ರ ನಿಮಗ ಹದಾ ಎಲ್ಲಿ ಗೊತ್ತಾಗತಿತ್ತು? ನನ್ನ ಹೆಸರೂ ಬರ್ಕೊಳ್ರಿ."

ಮೊದಲು ನಕ್ಕವಳು ನೀಲಕ್ಕ, ಅಳುತ್ತಲೇ ನಕ್ಕಳು. ಮತ್ತೆ ಇಡೀ ಸಭೆಯೇ ನಕ್ಕಿತು. ಆಮೇಲೆ ಮೇರಿ ಬಲಪುಟ ಓದಿದಳು, ಚಿಟ್ಟೆಮ್ಮ ಓದಿದಳು, ನೀಲಕ್ಕ ಎರಡರ ಗೂಡ್ಸ್ ಓದಿದಳು. ನೆನೆಯುವ, ಹುದುಗುವ, ಆರುವ, ಒಣಗುವ ಹೊತ್ತೆಲ್ಲ ಅಲ್ಲೇ ಇತ್ತು. ಪಕ್ಕದಲ್ಲೇ ಯಾರ ಜ್ವರ, ಯಾರ ಹೆರಿಗೆ, ಯಾರ ಜಗಳ ಎಂಬುದೂ ಇತ್ತು. ಮಂದಾಕಿನಿ ಎಲ್ಲ ಮುಗಿಯುವ ತನಕ ನಿಂತು ಕೇಳಿದಳು.

"ನಾನು ಪುಸ್ತಕದ ಅರ್ಧಾನೇ ಅಚ್ಚು ಹಾಕಿಸಿದೀನಿ," ಎಂದಳು ಕೊನೆಗೆ. "ಅದೂ ಚಿಕ್ಕ ಅರ್ಧ."

ಹೇಳಿದ್ದೆನಲ್ಲ, ಅವಳು ಒಳ್ಳೆಯವಳು. ಮಾರನೆಯ ವಾರವೇ ಜೈತೂನ್ ಬಿಯ ಹೊಸ್ತಿಲಿಗೆ ಸ್ಲೇಟು ಹಿಡಿದು ಬಂದಳು, ಉರ್ದು ಅಕ್ಷರ ಕಲಿಯಲು. ಎರಡನೇ ಮುದ್ರಣದಲ್ಲಿ ಪ್ರತಿ ಅಡಿಗೆಯೂ ಬರೆದವಳ ಲಿಪಿಯಲ್ಲೇ ಇತ್ತು, ಕೆಳಗೆ ಕನ್ನಡ. ಬಲಪುಟ ಮಾತ್ರ ಖಾಲಿ, ತಲೆಯಲ್ಲಿ ಆರು ಭಾಷೆಗಳಲ್ಲಿ 'ವಿಳಂಬಕ್ಕೆ ಕಾರಣ'. ಕೊಂಡವರು ತಮ್ಮದನ್ನು ತಾವೇ ಬರೆದುಕೊಳ್ಳಲಿ ಎಂದು.

ಕ್ವಾರ್ಟರ್ಸ್ ಬಿಟ್ಟು ಹುಬ್ಬಳ್ಳಿಗೆ ಹೋಗುವ ದಿನ ನೀಲಕ್ಕ ನನ್ನನ್ನು ಜೈತೂನ್ ಬಿಯ ಕೈಗಿಟ್ಟಳು. ಖಾದರ್‌ಸಾಬನೂ ನಿವೃತ್ತನಾಗಿ ರೈಲ್ವೆ ಗೇಟಿನಾಚೆ ಸಣ್ಣ ಮನೆ ಕಟ್ಟಿದ ಮೇಲೆ, ಅಲ್ಲಿನ ಗೋಡೆಯ ಮಾಡ ನನ್ನ ಮನೆಯಾಯಿತು. ಭಾಷೆಗಳ ಬಗ್ಗೆ ಬರೆಯುವ ಒಬ್ಬ ಪ್ರೊಫೆಸರರು ಬಂದು, ನನ್ನ ಲಿಪಿಗಳನ್ನು ಎಣಿಸಿ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಕೊಡಿ ಎಂದರು. ಜೈತೂನ್ ಬಿ ಚಹಾ ಕೊಟ್ಟಳು, ನನ್ನನ್ನು ಕೊಡಲಿಲ್ಲ. "ಗಾಜಿನಾಗ ಇದನ್ನ ಓದಾವ್ರು ಯಾರ್ರಿ? ಬೇಕಾದವ್ರು ಇಲ್ಲೇ ಬರ್ಲಿ. ನಾ ಓದಿ ಹೇಳ್ತೀನಿ." ಈಗ ತಿಂಗಳಿಗೆ ಇಬ್ಬರು ಮೂವರು ಬರುತ್ತಾರೆ. ಹೊಸ್ತಿಲಲ್ಲಿ ಕೂರುತ್ತಾರೆ. 'ಎಲ್ಲಾರ ಮುಂದ?' ಎಂದು ಅವಳು ಈಗ ಕೇಳುವುದಿಲ್ಲ.

ಮುಪ್ಪಿನಲ್ಲಿ ನನಗೆ ಒಂದು ಸಂಗತಿ ತಿಳಿದಿದೆ. ಉಳಿದ ಪುಸ್ತಕಗಳು ಕೊನೆಯ ಪುಟದಲ್ಲಿ ಮುಗಿಯುತ್ತವೆ. ಎರಡು ಕಡೆಯಿಂದ ಬರೆಸಿಕೊಂಡ ನಾನು ಮುಗಿಯಬೇಕಾದದ್ದು ನಟ್ಟನಡುವೆ. ಅಲ್ಲಿ ಒಂದು ಜೋಡಿಪುಟ ಬಹಳ ಕಾಲ ಖಾಲಿ ಉಳಿದಿತ್ತು. ಹೋದ ವರ್ಷ ಒಂದು ಮಧ್ಯಾಹ್ನ ನೀಲಕ್ಕ ಹುಬ್ಬಳ್ಳಿಯಿಂದ ಪ್ಯಾಸೆಂಜರಿನಲ್ಲಿ ಬಂದಳು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ಖಾಲಿ.

"ಸ್ಟೌ ಎಲ್ಲಿ ನೀಲಕ್ಕ?" ಎಂದಳು ಜೈತೂನ್ ಬಿ.

"ತಂದಿಲ್ಲ," ಎಂದಳು ನೀಲಕ್ಕ. ಹೊಸ್ತಿಲು ದಾಟಿ ಒಳಗೆ ಬಂದು, ಒಲೆಯ ಪಕ್ಕದ ಮಣೆಯ ಮೇಲೆ ಕೂತಳು. "ಏನ್ ಮಾಡಿಯೋ ಅದನ್ನ ಹಾಕು. ಹಸುವಾಗೇತಿ."

ಹುಳಿ ಬೇಳೆಯ ಖಟ್ಟಿ ದಾಲ್ ಇತ್ತು, ಅನ್ನ ಇತ್ತು. ನೀಲಕ್ಕ ಎರಡು ಸಲ ಹಾಕಿಸಿಕೊಂಡು ಉಂಡಳು. ಕೈ ತೊಳೆದು ನನ್ನನ್ನು ಮಾಡದಿಂದ ಇಳಿಸಿ, ನಡುವಿನ ಎಡಪುಟದಲ್ಲಿ, ಜೀವಮಾನದಲ್ಲಿ ಮೊದಲ ಸಲ ಗೆರೆಗಳೊಳಗೇ ಬರೆದಳು. ಗಾಡಿ: ಖಟ್ಟಿ ದಾಲ್, ಅನ್ನ. ಬರಬೇಕಾದ ಸಮಯ: ಮೊದಲ ವರ್ಷ. ಬಂದ ಸಮಯ: ಇವತ್ತು. ಆದ ತಡ: ಇಪ್ಪತ್ತೆರಡು ವರ್ಷ.

ಬಲಪುಟಕ್ಕೆ ಬಂದು ಪೆನ್ನು ನಿಂತಿತು. ಅಷ್ಟು ದೊಡ್ಡ ಮೈದಾನದಲ್ಲಿ ಅವಳಿಗೆ ಬರೆಯಲು ಏನೂ ಸಿಗಲಿಲ್ಲ. ಜೈತೂನ್ ಬಿ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಬಲಗಡೆಯಿಂದ ಒಂದೇ ಸಾಲು ಬರೆದಳು.

"ಏನಂತ ಬರದಿ? ಓದು."

ಜೈತೂನ್ ಬಿ ಸೆರಗು ಸರಿಮಾಡಿಕೊಂಡು, ಪಾಯಿಂಟ್ಸ್‌ಮನ್ನನ ಹೆಂಡತಿಗೆ ತಕ್ಕ ಗಾಂಭೀರ್ಯದಿಂದ ಓದಿದಳು:

"ಲೈನ್ ಕ್ಲಿಯರ್ ಸಿಕ್ಕಿರಲಿಲ್ಲ."